ಬಲಗಣ್ಣಿಗೆ ಸಿಕ್ಕ ಒಂದೂವರೆ ಮಿಲಿಮೀಟರ್ ಜಾಗ: ಒಂದು ಪೊರೆ ಶಸ್ತ್ರಚಿಕಿತ್ಸೆಯ ವಿಮರ್ಶೆ

ಮೈಸೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ಏಳು ವಾರಗಳ ಹಿಂದೆ ನನ್ನ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಎಡಗಣ್ಣಿನದು ಇನ್ನೂ ಬಾಕಿ ಇದೆ. ಹೀಗಾಗಿ ಸದ್ಯಕ್ಕೆ ನನ್ನ ಮುಖದಲ್ಲಿ ಶಸ್ತ್ರಚಿಕಿತ್ಸೆಯಾದ ಕಣ್ಣೂ ಆಗದ ಕಣ್ಣೂ ಅಕ್ಕಪಕ್ಕದಲ್ಲಿದ್ದು, ಒಂದನ್ನು ಇನ್ನೊಂದರ ಜೊತೆ ಇಟ್ಟು ನೋಡುವ ಅವಕಾಶ ಕೆಲವು ದಿನಗಳ ಮಟ್ಟಿಗೆ ಒದಗಿದೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳಲಿರುವ ದೂರುಗಳು ಆ ಒಂದು ಕಟ್ಟಡಕ್ಕೆ ಮಾತ್ರ ಸೇರಿದವು ಎಂದು ನನಗೆ ಅನಿಸಿಲ್ಲ.

ನಾನು ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ. ಕಣ್ಣಿನ ಅಡ್ಡಸೀಳಿಕೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಚಿತ್ರದಲ್ಲಿ ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆಯಾದ ಕಾರ್ನಿಯಾಕ್ಕೂ ಅದರ ಹಿಂದಿನ ಮಸೂರಕ್ಕೂ ನಡುವೆ ಧಾರಾಳವಾಗಿ ಜಾಗ ಬಿಡುತ್ತಿದ್ದೆ, ಏಕೆಂದರೆ ಭಾಗಗಳ ಹೆಸರು ಬರೆಯುವ ಗೆರೆಗಳನ್ನು ಅಲ್ಲಿಂದಲೇ ಎಳೆಯಬೇಕಿತ್ತು. ನನ್ನ ಸ್ವಂತ ಕಣ್ಣಿನಲ್ಲಿ ಆ ಜಾಗ 2.17 ಮಿಲಿಮೀಟರ್ ಮಾತ್ರ ಇತ್ತೆಂಬುದು ಶಸ್ತ್ರಚಿಕಿತ್ಸೆಗೆ ಮೊದಲು ಯಂತ್ರ ಕೊಟ್ಟ ಚೀಟಿಯಿಂದ ತಿಳಿಯಿತು. ಸಾಮಾನ್ಯವಾಗಿ ಅದು 3 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಆರನೆಯ ವಾರದ ತಪಾಸಣೆಯಲ್ಲಿ ಅದೇ ಬಲಗಣ್ಣಿನ ಅಳತೆ 3.61 ಎಂದು ಬಂತು. ನನ್ನ ದೃಷ್ಟಿಯಲ್ಲಿ ಈ ಆಸ್ಪತ್ರೆ ನನಗೆ ಕೊಟ್ಟದ್ದು ಈ ಹೆಚ್ಚುವರಿ ಜಾಗವನ್ನು. ಅಕ್ಷರ ಕಾಣುವುದಂತೂ ಸರಿಯೇ, ಅದಕ್ಕೆಂದೇ ಎಲ್ಲರೂ ಹೋಗುತ್ತಾರೆ. ಆದರೆ ನನ್ನಂಥ ಕಣ್ಣಿಗೆ ಅದಕ್ಕಿಂತ ಮಿಗಿಲಾದ ಲಾಭ ಈ ಒಂದೂವರೆ ಮಿಲಿಮೀಟರಿಗೆ ಹತ್ತಿರದ ತೆರವು, ಮತ್ತು ಅದರ ಬಗ್ಗೆ ಅಲ್ಲಿ ತಾವಾಗಿ ಬಾಯಿ ಬಿಟ್ಟವರು ಒಬ್ಬರೂ ಇರಲಿಲ್ಲ.

ಮೊದಲು ಕೌಂಟರಿನ ಮಾತು. ತಪಾಸಣೆ ಮುಗಿದ ಕೂಡಲೇ ನಮ್ಮನ್ನು ಗಾಜಿನ ಕೋಣೆಯೊಂದಕ್ಕೆ ಕಳಿಸಿದರು. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ, "ಕೂತ್ಕೊಳ್ಳಿ ಅಂಕಲ್" ಎಂದು ಹೇಳಿ, ಕಣ್ಣೊಳಗೆ ಇಡುವ ಕೃತಕ ಮಸೂರಗಳ ಲ್ಯಾಮಿನೇಷನ್ ಮಾಡಿದ ದರಪಟ್ಟಿಯನ್ನು ನನ್ನ ಮುಂದೆ ಸರಿಸಿದಳು. ಒಂದೇ ದೂರಕ್ಕೆ ಹೊಂದುವ ಮೊನೊಫೋಕಲ್ 32,000 ರೂಪಾಯಿಯಿಂದ ಶುರುವಾಗಿ, ಹತ್ತಿರಕ್ಕೂ ದೂರಕ್ಕೂ ಹೊಂದುವ ಮಲ್ಟಿಫೋಕಲ್ 85,000ದವರೆಗೆ ಏರುತ್ತಿತ್ತು. ಯಾವ ಮಸೂರಕ್ಕೆ ಯಾವ ದೇಶದ ಕಂಪನಿ, ಯಾವುದಕ್ಕೆ ಹಳದಿ ಛಾಯೆ, ಯಾವುದಕ್ಕೆ ಇಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಐದು ವರ್ಷಗಳ ಹಿಂದೆ ಬೇರೊಂದು ಕಡೆ ನನ್ನ ಎರಡೂ ಕಣ್ಣುಗಳಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ಗೆ ಲೇಸರಿನಿಂದ ಸಣ್ಣ ರಂಧ್ರ ಮಾಡಿದ್ದರು, ಕೋನ ಕಿರಿದು ಎಂದು ಹೇಳಿದ್ದರು, ಅದಕ್ಕೂ ಈ ಶಸ್ತ್ರಚಿಕಿತ್ಸೆಗೂ ಸಂಬಂಧವಿದೆಯೇ ಎಂದು ಕೇಳಿದೆ. "ಅದೆಲ್ಲ ಡಾಕ್ಟ್ರು ನೋಡ್ಕೊತಾರೆ ಅಂಕಲ್, ನೀವು ಲೆನ್ಸ್ ಸೆಲೆಕ್ಟ್ ಮಾಡಿ" ಎಂದಳು. ಅವಳನ್ನು ದೂರುವುದಿಲ್ಲ, ಅವಳ ಕೈಗೆ ಕೊಟ್ಟದ್ದು ದರಪಟ್ಟಿ ಮಾತ್ರ. ನಾನು ಮೊನೊಫೋಕಲ್ ಆರಿಸಿಕೊಂಡೆ.

ಸಂಬಂಧ ಏನೆಂಬುದನ್ನು ಕೌಂಟರಿನವರು ಹೇಳದಿದ್ದ ಕಾರಣ ನಾನೇ ಹೇಳಬೇಕಾಗಿದೆ. ಕಣ್ಣಿನ ಮಸೂರ ಮುಚ್ಚಿದ ಚೀಲವೊಂದರೊಳಗೆ ಕುಳಿತಿರುತ್ತದೆ. ಹೊರಚರ್ಮದ ಜೀವಕೋಶಗಳು ಉದುರಿಹೋಗುವಂತೆ ಅದರ ಎಳೆಗಳು ಉದುರಲಾರವು; ಹೊಸ ಎಳೆಗಳು ಹುಟ್ಟುತ್ತಲೇ ಇದ್ದು ಹಳೆಯವನ್ನು ನಡುವಿಗೆ ಒತ್ತುತ್ತ ಹೋಗುತ್ತವೆ, ಮರದ ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪವಾದ ಹಾಗೆ. ಪೊರೆ ಎಂದು ನಾವು ಕರೆಯುವುದು ಈ ಮಸೂರ ಮಬ್ಬಾಗುವುದನ್ನು. ಆದರೆ ಅದು ಮಬ್ಬಾಗುವುದರ ಜೊತೆಗೇ ದಪ್ಪವೂ ಆಗುತ್ತಿರುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ. ನನ್ನ ಚೀಟಿಯಲ್ಲಿ ಅದರ ದಪ್ಪ 4.9 ಮಿ.ಮೀ. ಎಂದಿತ್ತು. ಕಣ್ಣಿನ ಒಟ್ಟು ಉದ್ದವೇ 22.3 ಮಿ.ಮೀ. ಇರುವಾಗ ಇದು ಚಿಕ್ಕ ಮನೆಯಲ್ಲಿ ದೊಡ್ಡ ಬೀರು ಇಟ್ಟಂತೆ. ಬೀರು ಮುಂದಕ್ಕೆ ಬಂದಷ್ಟೂ ಅದರ ಮುಂದಿರುವ ಐರಿಸ್ ಕಾರ್ನಿಯಾದ ಕಡೆಗೆ ಉಬ್ಬುತ್ತದೆ, ಮುಂಕೋಣೆ, ಅಂದರೆ ನಾನು ಮೇಲೆ ಹೇಳಿದ ಆ ಜಾಗ, ಆಳ ಕಳೆದುಕೊಳ್ಳುತ್ತದೆ.

ಕೋಣೆ ಕಿರಿದಾದರೆ ಏನಾಯಿತು ಎಂದು ಕೇಳಬಹುದು. ಐರಿಸ್‌ನ ಹಿಂಬದಿಯಲ್ಲಿ ಜಲರಸ ಎಂಬ ತಿಳಿನೀರು ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರಿನಂತೆ ಹಗಲಿನಲ್ಲಿ ಒಸರುತ್ತಿರುತ್ತದೆ. ಅದು ಪಾಪೆಯ ಮೂಲಕ ಮುಂಕೋಣೆಗೆ ಬಂದು, ಐರಿಸ್‌ನ ಬುಡವೂ ಕಾರ್ನಿಯಾದ ಅಂಚೂ ಕೂಡುವ ಕೋನದಲ್ಲಿರುವ ಜಾಲರಿಯ ಮೂಲಕ ರಕ್ತಕ್ಕೆ ಹರಿದುಹೋಗುತ್ತದೆ. ನಮ್ಮ ಕಡೆಯ ಕೆರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಳ್ಳದ ನೀರು ಕೆರೆಗೆ ಬರುವುದು ನಿಲ್ಲದೆ, ತೂಬಿನ ಬಾಯಿಗೆ ಮಾತ್ರ ಚಾಪೆಯೊಂದು ಬಂದು ಅಂಟಿಕೊಂಡರೆ ಏರಿಯ ಮೇಲೆ ಭಾರ ಬೀಳುತ್ತದೆ. ದಪ್ಪ ಮಸೂರ ತಳ್ಳಿದ ಐರಿಸ್ ಆ ಚಾಪೆ. ಒತ್ತಡ ನಿಧಾನವಾಗಿ ಏರಿದರೆ ಗ್ಲಕೋಮಾ ಸದ್ದಿಲ್ಲದೆ ದೃಷ್ಟಿನರವನ್ನು ತಿನ್ನುತ್ತದೆ. ತಟ್ಟನೆ ಏರಿದರೆ ತಲೆನೋವು, ವಾಂತಿ, ಕೆಂಪು ಕಣ್ಣು. ಲೇಸರ್ ರಂಧ್ರವು ಐರಿಸ್‌ನ ಹಿಂದೆ ಕಟ್ಟಿಕೊಂಡ ನೀರಿಗೆ ಅಡ್ಡದಾರಿ ಕೊಡುತ್ತದೆ ನಿಜ, ಆದರೆ ಬೀರು ಇದ್ದಲ್ಲೇ ಇರುತ್ತದೆ. ಬೀರನ್ನೇ ತೆಗೆದರೆ ಹೇಗೆ ಎಂಬ ಪ್ರಶ್ನೆಯನ್ನು ಹಿಡಿದು 419 ಮಂದಿಯ ಮೇಲೆ ನಡೆದ ಈಗಲ್ ಎಂಬ ಅಧ್ಯಯನ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೋನ ಮುಚ್ಚಿ ಒತ್ತಡ ಏರಿದವರಲ್ಲಿ, ಪೊರೆ ಇಲ್ಲದಿದ್ದರೂ ಮಸೂರ ತೆಗೆಯುವುದೇ ಲೇಸರಿಗಿಂತ ಉತ್ತಮ ಫಲ ಕೊಟ್ಟಿತೆಂದು ಅದು ಕಂಡುಕೊಂಡಿತು. ನನ್ನ ಪ್ರಶ್ನೆಗೆ ಗಾಜಿನ ಕೋಣೆಯಲ್ಲಿ ಸಿಗಬೇಕಿದ್ದ ಉತ್ತರ ಇದು, ಎರಡು ವಾಕ್ಯಗಳಲ್ಲಿ ಮುಗಿಯುತ್ತಿತ್ತು.

ಅಳತೆಗಳ ವಿಷಯದಲ್ಲಿ ಆಸ್ಪತ್ರೆಗೆ ಪೂರ್ತಿ ಅಂಕ. ಕಣ್ಣಿನ ಉದ್ದ, ಕಾರ್ನಿಯಾದ ಬಾಗು, ಅದರ ಒಳಪದರದ ಜೀವಕೋಶಗಳ ಎಣಿಕೆ, ಒತ್ತಡ, ಕೋನ ಎಲ್ಲವನ್ನೂ ಅವಸರವಿಲ್ಲದೆ ನೋಡಿದರು. ಕನ್ನಡಿಯಿರುವ ಪುಟ್ಟ ಗಾಜನ್ನು ಮರಗಟ್ಟಿಸಿದ ಕಣ್ಣಿನ ಮೇಲಿಟ್ಟು ಕೋನವನ್ನು ಸುತ್ತಲೂ ಪರೀಕ್ಷಿಸುವ ವ್ಯವಧಾನ ಎಲ್ಲ ಕಡೆಯೂ ಇರುವುದಿಲ್ಲ. ಒಂದೇ ಒಂದು ಗೊಂದಲವಾಯಿತು. ಒಂದು ಯಂತ್ರದ ಚೀಟಿಯಲ್ಲಿ ಮುಂಕೋಣೆಯ ಆಳ 2.17 ಎಂದಿದ್ದರೆ ಇನ್ನೊಂದರಲ್ಲಿ 2.70 ಎಂದಿತ್ತು. ಕೇಳಿದಾಗ "ಮೆಷಿನ್ ವ್ಯತ್ಯಾಸ ಸರ್" ಎಂಬ ಉತ್ತರ ಬಂತು. ಮನೆಗೆ ಬಂದು ಕೂತು ಕಳೆದು ನೋಡಿದರೆ ವ್ಯತ್ಯಾಸ 0.53 ಮಿ.ಮೀ.; ಕಾರ್ನಿಯಾದ ದಪ್ಪ ಅದೇ ಚೀಟಿಯಲ್ಲಿ 532 ಮೈಕ್ರಾನ್. ಒಂದು ಯಂತ್ರ ಕಾರ್ನಿಯಾದ ಒಳಮೈಯಿಂದ ಅಳೆದಿತ್ತು, ಇನ್ನೊಂದು ಹೊರಮೈಯಿಂದ. ಗೋಡೆಯ ದಪ್ಪವನ್ನು ಸೇರಿಸಿ ಕೋಣೆ ಅಳೆಯುವುದೋ ಬಿಟ್ಟು ಅಳೆಯುವುದೋ ಎಂಬಷ್ಟೇ ತಕರಾರು. ತಮ್ಮ ಚೀಟಿಗಳನ್ನು ಹೋಲಿಸಿ ನೋಡುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಅರ್ಧ ಮಿಲಿಮೀಟರ್ ಸುಮ್ಮನೆ ಗಳಿಸಿದಂತೆಯೋ ಕಳೆದುಕೊಂಡಂತೆಯೋ ಕಾಣುತ್ತದೆ.

ಇನ್ನು ನನ್ನ ಮುಖ್ಯ ದೂರು. ದಾಖಲಾತಿ ನಮೂನೆಯಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಆಸ್ತಮಾ, ರಕ್ತ ತೆಳು ಮಾಡುವ ಮಾತ್ರೆ ಎಲ್ಲಕ್ಕೂ ಚೌಕಗಳಿದ್ದವು. ಪ್ರಾಸ್ಟೇಟ್ ಮಾತ್ರೆಗೆ ಇರಲಿಲ್ಲ. ನನ್ನ ವಯಸ್ಸಿನ ಗಂಡಸರಲ್ಲಿ ಟ್ಯಾಮ್ಸುಲೋಸಿನ್ ನುಂಗುವವರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಮೂತ್ರದ ದಾರಿಯ ಸ್ನಾಯು ಸಡಿಲಿಸುವ ಈ ಔಷಧ ಐರಿಸ್‌ನ ಸ್ನಾಯುವನ್ನೂ ಸಡಿಲಿಸುತ್ತದೆ. ಆಗ ಶಸ್ತ್ರಚಿಕಿತ್ಸೆಯ ನಡುವೆ ಐರಿಸ್ ನೀರಿನ ಸೆಳೆತಕ್ಕೆ ಒದ್ದೆ ಬಟ್ಟೆಯಂತೆ ಅಲೆಯುತ್ತದೆ, ಗಾಯದ ಬಾಯಿಯತ್ತ ನುಗ್ಗುತ್ತದೆ, ಹಿಗ್ಗಿಸಿದ ಪಾಪೆ ಮತ್ತೆ ಕುಗ್ಗುತ್ತದೆ. ಇದನ್ನು ಗುರುತಿಸಿ ಮೊದಲು ಬರೆದದ್ದು 2005ರಲ್ಲಿ, ಅಂದರೆ ಹೊಸ ಸಂಗತಿಯೇನಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ಮೇಲೆ ವೈದ್ಯೆ, "ಮೇಷ್ಟ್ರೇ, ಮೂತ್ರದ ತೊಂದರೆಗೆ ಏನಾದರೂ ಮಾತ್ರೆ ತಗೋತೀರಾ?" ಎಂದು ಕೇಳಿದರು. ಹೌದೆಂದೆ. ಕ್ಷಣಕಾಲ ಸುಮ್ಮನಿದ್ದು, "ಐರಿಸ್ ಹುಕ್ ತಗೊಂಡು ಬನ್ನಿ" ಎಂದು ಯಾರಿಗೋ ಹೇಳಿದ್ದು ಕೇಳಿಸಿತು; ಪಾಪೆಯ ಅಂಚನ್ನು ಎಳೆದು ಅಗಲವಾಗಿ ಹಿಡಿದಿಡುವ ಪುಟ್ಟ ಕೊಕ್ಕೆ ಅದು. ಆ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ನಾನು ಋಣಿ. ಅದನ್ನು ಹತ್ತು ದಿನ ಮೊದಲೇ ಕೇಳದ ವ್ಯವಸ್ಥೆಯನ್ನು ಮಾತ್ರ ಒಪ್ಪಲಾರೆ.

ಶಸ್ತ್ರಚಿಕಿತ್ಸೆ 25 ನಿಮಿಷ ಹಿಡಿಯಿತು. ಕಣ್ಣಿನ ಪಕ್ಕಕ್ಕೆ ಚುಚ್ಚುಮದ್ದು ಕೊಟ್ಟಿದ್ದರಿಂದ ನೋವಿರಲಿಲ್ಲ. ಬೆಳಕೊಂದು ಕದಡಿದ ರಂಗೋಲಿಯ ನೀರಿನಂತೆ ಬಣ್ಣ ಬದಲಿಸುತ್ತಿತ್ತು, ಯಂತ್ರದ ಸ್ವರ ಏರುತ್ತ ಇಳಿಯುತ್ತ ಇತ್ತು. ಕಿವಿಯ ಕಡೆಯ ಅಂಚಿನಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ ಅಗಲದ ಸೀಳು, ಚೀಲದ ಮುಂಭಾಗದಲ್ಲಿ ಸುಮಾರು 5 ಮಿ.ಮೀ. ಅಗಲದ ದುಂಡನೆಯ ಕಿಂಡಿ, ಒಳಗಿನ ಗಟ್ಟಿ ಮಸೂರವನ್ನು ಶ್ರವಣಾತೀತ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುವುದು, ಅದೇ ಚೀಲದೊಳಕ್ಕೆ ಮಡಿಸಿದ ಕೃತಕ ಮಸೂರವನ್ನು ಬಿಟ್ಟು ಬಿಡಿಸುವುದು. ಹೊರಬಂದದ್ದು 4.9 ಮಿ.ಮೀ. ದಪ್ಪದ್ದು, ಒಳಹೋದದ್ದು ನಡುವಿನಲ್ಲಿ ಒಂದು ಮಿಲಿಮೀಟರಿನಷ್ಟೂ ಇಲ್ಲದ್ದು, ಅದೂ ಹಳೆಯದಕ್ಕಿಂತ ಹಿಂದೆ ಸರಿದು ಕೂರುವಂಥದ್ದು. ಐರಿಸ್ ಹಿಂದಕ್ಕೆ ಬಿದ್ದು ಚಪ್ಪಟೆಯಾಗುವುದಕ್ಕೆ ಬೇರೆ ಮಾಯ ಏನೂ ಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಕಂಡದ್ದು ಬಚ್ಚಲುಮನೆಯ ಕನ್ನಡಿಗೆ ಹಬೆ ಕೂತಂಥ ಜಗತ್ತು. ಹಣ ಕೊಟ್ಟು ಮಂಜು ಕೊಂಡೆನೇ ಎಂದು ಗಾಬರಿಯಾಯಿತು. ಕಣ್ಣಿನ ಒತ್ತಡ 26 ಮಿ.ಮೀ. ಪಾದರಸ ಇತ್ತು, ಮೊದಲಿನ 20ಕ್ಕಿಂತ ಹೆಚ್ಚು. ಕಾರ್ನಿಯಾ ಕೊಂಚ ಊದಿಕೊಂಡಿದೆ, ಒಳಗೆ ಕೋಣೆಯನ್ನು ಹಿಡಿದು ನಿಲ್ಲಿಸಲು ಬಳಸಿದ ಅಂಟುದ್ರವದ ಉಳಿಕೆ ಜಾಲರಿಗೆ ಸಿಕ್ಕಿ ಒತ್ತಡ ಏರಿರುತ್ತದೆ ಎಂದು ವೈದ್ಯೆ ವಿವರಿಸಿ, ಎರಡು ದಿನಕ್ಕೆ ಅಸಿಟಜೋಲಮೈಡ್ ಮಾತ್ರೆ ಬರೆದರು. ಆ ಮಾತ್ರೆ ನುಂಗಿದರೆ ಬೆರಳ ತುದಿಗಳಲ್ಲಿ ಇರುವೆ ಹರಿದಂತೆ ಜುಮುಜುಮು ಎನ್ನುತ್ತದೆ. ಅದನ್ನು ಔಷಧದಂಗಡಿಯವನು ಹೇಳಿದನೇ ಹೊರತು ಆಸ್ಪತ್ರೆಯ ಹಾಳೆಯಲ್ಲಿ ಬರೆದಿರಲಿಲ್ಲ. ನಾಲ್ಕನೆಯ ದಿನಕ್ಕೆ ಹಬೆ ಕರಗಿತು. ಒತ್ತಡ ಒಂದು ವಾರಕ್ಕೆ 18, ಆರನೆಯ ವಾರಕ್ಕೆ 15ಕ್ಕೆ ಇಳಿಯಿತು. ಕೋನ ತೆರೆದೇ ಇರುವವರಲ್ಲೂ ಪೊರೆ ತೆಗೆದ ಮೇಲೆ ಒತ್ತಡ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ಕೋನ ಕಿರಿದಾಗಿದ್ದವರಲ್ಲಿ ಇಳಿತ ಹೆಚ್ಚು.

ಎಲ್ಲವೂ ಲಾಭದ ಕಡೆಗೇ ಬಂದಿಲ್ಲ. ಕಾರ್ನಿಯಾದ ಒಳಮೈಯಲ್ಲಿ ಜೇನುಹುಟ್ಟಿನ ಕಣ್ಣುಗಳಂತೆ ಹೊಂದಿಕೊಂಡ ಒಂದೇ ಸಾಲಿನ ಜೀವಕೋಶಗಳಿವೆ. ಕಾರ್ನಿಯಾದೊಳಕ್ಕೆ ಇಳಿಯುವ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುವುದು ಅವುಗಳ ಕೆಲಸ. ಸತ್ತ ಕೋಶದ ಬದಲಿಗೆ ಹೊಸದು ಹುಟ್ಟುವುದಿಲ್ಲ, ಅಕ್ಕಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ. ಪ್ರತಿ ಚದರ ಮಿಲಿಮೀಟರಿಗೆ 2460 ಇದ್ದದ್ದು ಶಸ್ತ್ರಚಿಕಿತ್ಸೆಯ ನಂತರ 2230ಕ್ಕೆ ಬಂದಿದೆ, ಅಂದರೆ ನೂರಕ್ಕೆ ಸುಮಾರು ಒಂಬತ್ತು ಹೋದವು. ಇದು ನಿರೀಕ್ಷಿತ ನಷ್ಟವೇ, ನನ್ನ ಆಯುಷ್ಯಕ್ಕೆ ಉಳಿದವು ಬೇಕಾದಷ್ಟು. ಆದರೆ "ಪೊರೆ ಇನ್ನೂ ಹಣ್ಣಾಗಲಿ" ಎಂದು ಕಾಯುವ ನಮ್ಮ ಹಳೆಯ ಅಭ್ಯಾಸದ ಬೆಲೆ ತೆರುವುದು ಈ ಕೋಶಗಳೇ. ಪೊರೆ ಗಟ್ಟಿಯಾದಷ್ಟೂ ಅದನ್ನು ಒಡೆಯಲು ಹೆಚ್ಚು ಕಂಪನ ಬೇಕು, ಕಂಪನ ಹೆಚ್ಚಾದಷ್ಟೂ ಅವು ಹೆಚ್ಚು ಸಾಯುತ್ತವೆ. ಕೋಣೆ ಕಿರಿದಾಗಿದ್ದರೆ ಆ ಕಂಪನ ನಡೆಯುವುದೂ ಅವುಗಳ ಪಕ್ಕದಲ್ಲೇ. ತೀರಾ ಬಲಿತ ಪೊರೆ ನೀರು ಹೀರಿ ಊದಿಕೊಂಡು ಕೋನವನ್ನೇ ಮುಚ್ಚಿಬಿಡುವುದೂ ಉಂಟು. ಹಿಂದೆ ಇಡೀ ಮಸೂರವನ್ನು ಹಾಗೆಯೇ ಹೊರತೆಗೆಯುತ್ತಿದ್ದ ಕಾಲಕ್ಕೆ ಹಣ್ಣಾಗುವ ಮಾತಿಗೆ ಅರ್ಥವಿತ್ತು.

ಆ ಕಾಲ ನನಗೆ ಚೆನ್ನಾಗಿ ನೆನಪಿದೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ನೇತ್ರಶಿಬಿರ ಒಯ್ಯುತ್ತಿದ್ದ ದಿನಗಳಲ್ಲಿ, 1970ರ ದಶಕದಲ್ಲಿ, ನಮ್ಮಜ್ಜಿಗೂ ಒಂದು ಉಚಿತ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆಗ ಚೀಲಸಹಿತ ಮಸೂರ ಹೊರಬರುತ್ತಿತ್ತು, ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಸೋಡಾ ಬಾಟಲಿಯ ತಳದಂಥ ಕನ್ನಡಕ ಅದರ ಕೆಲಸ ಮಾಡುತ್ತಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಕೃತಕ ಮಸೂರ ಇಟ್ಟು ನೋಡಿದ್ದು 1949ರಲ್ಲೇ ಆದರೂ ಅದು ನಮ್ಮೂರಿನ ಶಿಬಿರದ ತನಕ ಬರಲು ದಶಕಗಳೇ ಹಿಡಿದವು. ಅಜ್ಜಿ ಕನ್ನಡಕ ತೆಗೆದು ಮುಖ ಒರೆಸಿಕೊಳ್ಳುವಾಗ ಹತ್ತಿರ ಹೋಗಿ ನೋಡಿದರೆ ಪಾಪೆಯ ಮೇಲ್ಭಾಗದಲ್ಲಿ ಪುಟ್ಟದೊಂದು ಕಚ್ಚು ಕಾಣುತ್ತಿತ್ತು, ಕಣ್ಣು ಅತ್ತಿತ್ತ ಹೊರಳಿದಾಗಲೆಲ್ಲ ಐರಿಸ್ ಗಾಳಿಗೆ ಸಿಕ್ಕ ತೆಳುಪರದೆಯಂತೆ ನಡುಗುತ್ತಿತ್ತು. ಹಿಂದೆ ಆಸರೆ ಇಲ್ಲದ್ದರಿಂದ ಹಾಗೆ ನಡುಗುತ್ತದೆಂದು ತಿಳಿದದ್ದು ಬಹಳ ಕಾಲದ ಮೇಲೆ. ನನ್ನ ಬಲಗಣ್ಣಿನಲ್ಲಿ ಚೀಲ ಉಳಿದಿದೆ, ಹೀಗಾಗಿ ಐರಿಸ್ ಹಿಂದೆ ಸರಿದರೂ ನೆಟ್ಟಗೆ ನಿಂತಿದೆ.

ಚೀಲದ ವಿಷಯದಲ್ಲಿ ಕೌಂಟರಿನವರ ಮಾತೊಂದನ್ನು ತಿದ್ದಬೇಕು. "ಲೈಫ್‌ಲಾಂಗ್ ಮತ್ತೆ ಪೊರೆ ಬರಲ್ಲ ಅಂಕಲ್" ಎಂಬುದು ಅಕ್ಷರಶಃ ನಿಜ. ಆದರೆ ಚೀಲದಲ್ಲಿ ಉಳಿದ ಕೋಶಗಳು ಬೆಳೆದು ಹಿಂದಿನ ಪದರ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಸುಕಾಗಬಹುದು, ಜನ ಅದನ್ನೇ "ಮತ್ತೆ ಪೊರೆ ಬಂತು" ಎನ್ನುತ್ತಾರೆ, ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಅದಕ್ಕೊಂದು ಕಿಂಡಿ ತೆರೆಯುತ್ತಾರೆ. ಅದಕ್ಕೆ ಬೇರೆ ಬಿಲ್ಲು. ಚೀಲ ಮೊದಲ ವಾರಗಳಲ್ಲಿ ಹೊಸ ಮಸೂರದ ಸುತ್ತ ಮುದುರಿ ಬಿಗಿಯಾಗುವುದರಿಂದ, ಸೀಳು ಮಾಗುವುದರಿಂದ, ಕನ್ನಡಕದ ನಂಬರನ್ನು ತಿಂಗಳು ಒಂದೂವರೆ ತಿಂಗಳು ಕಳೆದ ಮೇಲೆ ಬರೆಯುತ್ತಾರೆ. ಪಕ್ಕದ ಕನ್ನಡಕದ ಅಂಗಡಿಯವರು ಎರಡನೇ ವಾರಕ್ಕೇ ಫೋನ್ ಮಾಡಿದ್ದರು. ನನ್ನ ಫೋನ್ ನಂಬರ್ ಅವರಿಗೆ ಸಿಕ್ಕಿದ್ದು ಹೇಗೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹುಕ್ ಹಾಕಿದ ಗುರುತು ಉಳಿದಿದೆ. ಗಡ್ಡ ಹೆರೆದುಕೊಳ್ಳುವ ಕನ್ನಡಿಯಲ್ಲಿ ನೋಡಿದರೆ ಬಲಗಣ್ಣಿನ ಪಾಪೆ ಪೂರ್ತಿ ದುಂಡಗಿಲ್ಲ, ಕೆಳಗಿನ ಅಂಚಿನಲ್ಲಿ ಒಂದು ಮೂಲೆ ಮೂಡಿದಂತಿದೆ. ನೋಟಕ್ಕೆ ಅದರಿಂದ ತೊಂದರೆ ಇಲ್ಲ. ಮಂದ ಬೆಳಕಿನಲ್ಲಿ ಪಕ್ಕದಿಂದ ನೋಡುವವರಿಗೆ ಆ ಕಣ್ಣೊಳಗೆ ಗಾಜಿನ ಮಿಂಚೊಂದು ಕಾಣುತ್ತದೆ ಎಂದು ನನ್ನಾಕೆ ಹೇಳುತ್ತಾಳೆ. ಕೃತಕ ಮಸೂರದ ಮೇಲ್ಮೈ ಹಳೆಯದಕ್ಕಿಂತ ಹೆಚ್ಚು ಬೆಳಕನ್ನು ಮರಳಿಸುವುದರಿಂದ ಹಾಗೆ. "ಬೆಕ್ಕಿನ ಕಣ್ಣು ಹಾಕಿಸಿಕೊಂಡು ಬಂದಿದೀರಿ" ಎಂಬುದು ಅವಳ ವಿಮರ್ಶೆ.

ಕಳೆದ ವಾರ ಒಂದು ರಾತ್ರಿ ಕೋಣೆಯ ದೀಪ ಆರಿಸಿ, ಅವಳ ಕೈಗೆ ಮೊಬೈಲಿನ ಟಾರ್ಚ್ ಕೊಟ್ಟು, ನನ್ನ ಕಪಾಲದ ಪಕ್ಕದಿಂದ ಐರಿಸ್‌ಗೆ ಸಮಾಂತರವಾಗಿ ಬೆಳಕು ಬಿಡಲು ಹೇಳಿದೆ. ಇದು ಕಣ್ಣಿನ ವೈದ್ಯರ ಹಳೆಯ ಪರೀಕ್ಷೆ. ಎಡಗಣ್ಣಿನಲ್ಲಿ ಕಿವಿಯ ಕಡೆಯ ಅರ್ಧ ಮಾತ್ರ ಬೆಳಗಿ, ಮೂಗಿನ ಕಡೆಯ ಅರ್ಧ ನೆರಳಿನಲ್ಲೇ ಉಳಿಯಿತಂತೆ, ಗುಡ್ಡದ ಆಚೆ ಬದಿಗೆ ಸಂಜೆಯ ಬಿಸಿಲು ತಾಕದಂತೆ. ಬಲಗಣ್ಣಿನಲ್ಲಿ ಅಂಚಿನಿಂದ ಅಂಚಿಗೆ ಬೆಳಕು ಹರಡಿತು. ಫೋಟೊ ತೆಗೆಸಿಕೊಂಡು ನೋಡಿದೆ. ಅವಳು ಹೇಳಿದ್ದು ನಿಜವೇ ಆಗಿತ್ತು. ಉಬ್ಬು ಇಳಿದಿದೆ.

ಐದಕ್ಕೆ ಅಂಕ ಕೊಡುವುದಾದರೆ ಶಸ್ತ್ರವೈದ್ಯೆಗೆ ಐದು, ಅಳತೆಯ ವಿಭಾಗಕ್ಕೆ ನಾಲ್ಕೂವರೆ, ದರಪಟ್ಟಿಯ ಗಾಜಿನ ಕೋಣೆಗೆ ಎರಡು. ಡಿಸ್ಚಾರ್ಜ್ ಹಾಳೆಗೆ ಒಂದು: ಅದರಲ್ಲಿ ಮಸೂರದ ಸ್ಟಿಕ್ಕರ್ ಇದೆ, ಪವರ್ ಇದೆ, ಹನಿಗಳ ವೇಳಾಪಟ್ಟಿ ಇದೆ, ಆದರೆ ಮುಂಕೋಣೆಯ ಆಳವಾಗಲಿ ಕೋಶಗಳ ಎಣಿಕೆಯಾಗಲಿ ಹುಕ್ ಬಳಸಿದ ಸಂಗತಿಯಾಗಲಿ ಇಲ್ಲ. ಇವನ್ನೆಲ್ಲ ನಾನು ಎರಡು ಸಲ ಕೇಳಿ, ಮೂರನೆಯ ಸಲ ಕೂತು ಕಾದು ಪಡೆದೆ.

ಎಡಗಣ್ಣಿಗೂ ಅಲ್ಲಿಗೇ ಹೋಗುತ್ತಿದ್ದೇನೆ, ಅದೇ ವೈದ್ಯೆಯ ಬಳಿ. ಪ್ರಾಸ್ಟೇಟ್ ಮಾತ್ರೆಯನ್ನು ನಾನಾಗಿಯೇ ನಿಲ್ಲಿಸಿಲ್ಲ; ನಿಲ್ಲಿಸಿದರೂ ಐರಿಸ್ ಮೇಲಿನ ಪರಿಣಾಮ ಬೇಗ ಹೋಗುವಂಥದ್ದಲ್ಲವೆಂದು ಅವರೇ ಹೇಳಿದರು, ಮೊದಲೇ ಗೊತ್ತಿದ್ದರೆ ಪಾಪೆ ಹಿಗ್ಗಿಸುವ ಸಿದ್ಧತೆ ಮಾಡಿಕೊಳ್ಳುತ್ತೇವೆ ಎಂದರು. ದಾಖಲಾತಿ ನಮೂನೆ ಹೋದ ಸಲದ್ದೇ ಇತ್ತು, ಚೌಕ ಈಗಲೂ ಇಲ್ಲ. ಬಿ.ಪಿ. ಚೌಕದ ಪಕ್ಕದ ಖಾಲಿ ಅಂಚಿನಲ್ಲಿ ಟ್ಯಾಮ್ಸುಲೋಸಿನ್ ಎಂದು ಕೆಂಪು ಶಾಯಿಯಲ್ಲಿ ಬರೆದು, ಅಡಿಗೆರೆ ಎಳೆದು ಕೊಟ್ಟು ಬಂದಿದ್ದೇನೆ.